ನಮೂನೆಯ ಕಾವಲು

ಕಛೇರಿಗಳಲ್ಲಿ ಎಲ್ಲರೂ ಉಪಯೋಗಿಸುವ, ಆದರೆ ಯಾರೊಬ್ಬರಿಗೂ ಸೇರದ ವಸ್ತುಗಳು ಕೆಲವುಂಟು. ಗೋಡೆಯ ಗಡಿಯಾರ, ಮಸಿ ಹತ್ತಿದ ರಬ್ಬರು ಮೊಹರು, ಕುಡಿಯುವ ನೀರಿನ ಹೂಜಿ ಇವೆಲ್ಲ ಆ ವರ್ಗಕ್ಕೆ ಸೇರಿದವು. ಗಡಿಯಾರವು ನಿಂತರೆ ಮಧ್ಯಾಹ್ನದೊಳಗಾಗಿ ಎಲ್ಲರಿಗೂ ತಿಳಿಯುತ್ತದೆ. ಹೂಜಿಯು ಒಡೆದರೆ ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಆದರೆ ಇದೇ ವರ್ಗಕ್ಕೆ ಸೇರಿದ ಮತ್ತೊಂದು ವಸ್ತುವುಂಟು. ಅದು ಕೆಟ್ಟುಹೋದರೆ ವಾರಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ಅದರೊಡನೆ ದಿನವೂ ವ್ಯವಹರಿಸುವವರಿಗೇ ತಿಳಿಯುವುದಿಲ್ಲ. ಅದೇ ಪತ್ರಗಳ ನಮೂನೆ. ಇಂಗ್ಲೀಷಿನಲ್ಲಿ ಇದಕ್ಕೆ ಟೆಂಪ್ಲೇಟು ಎಂದು ಹೆಸರು. ಒಂದೇ ಬಗೆಯ ಪತ್ರವನ್ನು ನೂರಾರು ಜನರಿಗೆ ಬರೆಯಬೇಕಾದ ಕಡೆಯಲ್ಲಿ ತಲೆಬರಹ, ವಿಷಯ, ಉಲ್ಲೇಖ, ಒಕ್ಕಣೆ, ಸಹಿಯ ಸ್ಥಳ ಮುಂತಾದುವನ್ನೆಲ್ಲ ಒಮ್ಮೆ ಸಿದ್ಧಮಾಡಿಟ್ಟು, ಹೆಸರು, ತಾರೀಖು, ಮೊಬಲಗು ಇಷ್ಟನ್ನು ಮಾತ್ರ ಖಾಲಿ ಬಿಟ್ಟಿರುವ ಪತ್ರವಿದು.

ಇಂಥ ಅಚ್ಚುಗಳು ಮನೆಗಳಲ್ಲಿಯೂ ಇಲ್ಲದಿಲ್ಲ. ಚಕ್ಕುಲಿಯ ಒರಳಿನ ಬಿಲ್ಲೆಯಲ್ಲಿ ನಕ್ಷತ್ರದ ಒಂದು ಹಲ್ಲು ಮುರಿದಿದ್ದರೆ ಅಂದು ಒತ್ತಿದ ಚಕ್ಕುಲಿಗಳೆಲ್ಲ ಒಂದು ಮಗ್ಗುಲಲ್ಲಿ ಬೋಳಾಗಿರುತ್ತವೆ. ಅವು ಬಾಣಲೆಗೆ ಬೀಳುವ ಮೊದಲೇ ಗೃಹಿಣಿಯ ಕಣ್ಣಿಗೆ ಬೀಳುತ್ತವೆ. ಗಣೇಶನ ಹಬ್ಬಕ್ಕೆ ಮೂರ್ತಿಗಳನ್ನು ಮಾಡುವವನ ಅಚ್ಚಿನಲ್ಲಿ ಸೊಂಡಿಲ ತುದಿ ಮುಕ್ಕಾದರೆ ಎರಡನೆಯ ಮೂರ್ತಿಯನ್ನು ತೆಗೆಯುವಷ್ಟರಲ್ಲಿ ಅವನಿಗೆ ಅದು ಗೊತ್ತಾಗುತ್ತದೆ. ಅಚ್ಚು ಕೆಟ್ಟರೆ ಪಡಿಯಚ್ಚು ಅದನ್ನು ಕೂಗಿ ಹೇಳುತ್ತದೆ. ಮಾತಿನ ಅಚ್ಚು ಹಾಗಲ್ಲ. ಅದರಲ್ಲಿ ಒಂದು ವಾಕ್ಯ ಬಿಟ್ಟುಹೋದರೆ ಉಳಿದ ವಾಕ್ಯಗಳು ಒತ್ತಾಗಿ ಕುಳಿತು ಆ ಕಂಡಿಯನ್ನು ಮುಚ್ಚಿಬಿಡುತ್ತವೆ. ಒಂದು ವಾಕ್ಯ ಹೆಚ್ಚಾಗಿ ಸೇರಿಕೊಂಡರೆ ಅದು ಹುಟ್ಟಿನಿಂದಲೂ ಅಲ್ಲಿಯೇ ಇದ್ದಂತೆ ಗಂಭೀರವಾಗಿ ನಿಂತುಬಿಡುತ್ತದೆ. ಕಛೇರಿಯ ಭಾಷೆಯಲ್ಲಿ ಹೊಸದಾಗಿ ಬಂದ ವಾಕ್ಯವೂ ಹಳೆಯ ವಾಕ್ಯದ ಹಾಗೆಯೇ ಕಾಣುವುದರಿಂದ ಈ ಕಷ್ಟ ಇಮ್ಮಡಿಯಾಗುತ್ತದೆ.

ಹಿಂದಿನ ಕಾಲದಲ್ಲಿ ಈ ವಿಪತ್ತು ಇಷ್ಟಾಗಿ ಇರಲಿಲ್ಲ. ಗುಮಾಸ್ತರು ಆಗ ಹೆಚ್ಚು ಜಾಣರಾಗಿದ್ದರೆಂಬುದು ಇದಕ್ಕೆ ಕಾರಣವಲ್ಲ. ಅಚ್ಚಿಗೂ ಅದರ ಪ್ರತಿಗೂ ದ್ರವ್ಯಭೇದವಿದ್ದುದೇ ಕಾರಣ. ಮುದ್ರಣಾಲಯದಲ್ಲಿ ಸೀಸದ ಮೊಳೆಗಳನ್ನು ಜೋಡಿಸಿ ಚೌಕಟ್ಟಿನಲ್ಲಿ ಬಿಗಿಯುತ್ತಿದ್ದರು. ಕಛೇರಿಗೆ ಬರುತ್ತಿದ್ದುದು ಕಾಗದ. ಕಾಗದದ ಮೇಲೆ ಗುಮಾಸ್ತನು ಏನನ್ನು ಗೀಚಿದರೂ, ಎಷ್ಟು ಮಸಿ ಚೆಲ್ಲಿದರೂ, ದೂರದ ಊರಿನಲ್ಲಿದ್ದ ಸೀಸದ ಮೊಳೆಗೆ ಅದರಿಂದ ಬಾಧೆಯಿರಲಿಲ್ಲ. ಆಮೇಲೆ ಸೈಕ್ಲೋಸ್ಟೈಲು ಬಂದಿತು. ಮೇಣ ಸವರಿದ ಸ್ಟೆನ್ಸಿಲಿನ ಮೇಲೆ ಬೆರಳಚ್ಚುಯಂತ್ರದಿಂದ ಅಕ್ಷರಗಳನ್ನು ಕೊರೆದು, ಅದರ ಮೂಲಕ ಮಸಿಯಿಳಿಸಿ ಪ್ರತಿಗಳನ್ನು ತೆಗೆಯುತ್ತಿದ್ದರು. ಅಲ್ಲಿಯೂ ಮೇಣದ ಹಾಳೆ ಒಂದು, ಮಸಿಯ ಹಾಳೆ ಒಂದು; ಒಂದನ್ನು ಇನ್ನೊಂದೆಂದು ಭ್ರಮಿಸುವವರು ಯಾರೂ ಇರಲಿಲ್ಲ.

ಗಣಕಯಂತ್ರವು ಈ ಭೇದವನ್ನು ಅಳಿಸಿಹಾಕಿತು. ಅದರಲ್ಲಿ ಅಚ್ಚೂ ಕಡತವೇ, ಪ್ರತಿಯೂ ಕಡತವೇ. ಎರಡೂ ಒಂದೇ ತೆರೆಯ ಮೇಲೆ, ಒಂದೇ ಅಕ್ಷರಗಳಲ್ಲಿ, ಒಂದೇ ಬೆಳಕಿನಲ್ಲಿ ಕಾಣಿಸಿಕೊಳ್ಳುತ್ತವೆ. ಸೀಸವೂ ಕಾಗದವೂ ಒಂದೇ ಆಗಿಹೋದ ಈ ಲೋಕದಲ್ಲಿ ಕಾಗದದ ಮೇಲೆ ಬರೆಯುತ್ತಿದ್ದೇನೆಂದು ನಂಬಿದವನು ಸೀಸವನ್ನೇ ಕೆತ್ತುತ್ತಿರಬಹುದು. ಬರೆದು ಮುಗಿಸಿದಮೇಲೆ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಅದನ್ನು ಉಳಿಸಿಡುವ ಅಭ್ಯಾಸವು ಬೆರಳುಗಳಿಗೆ ಎಷ್ಟರ ಮಟ್ಟಿಗೆ ಹತ್ತಿರುತ್ತದೆಂದರೆ, ಮನಸ್ಸು ಬೇಡವೆನ್ನುವ ಮೊದಲೇ ಕೈ ಆ ಕೆಲಸವನ್ನು ಮುಗಿಸಿರುತ್ತದೆ.

ಒಂದು ಜಿಲ್ಲಾಕೇಂದ್ರದ ಕಛೇರಿಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬಹುದು. ಅಲ್ಲಿ ನೌಕರರು ತೀರಿಕೊಂಡಾಗ ಅವರ ಮನೆಯವರಿಗೆ ಕುಟುಂಬ ಪಿಂಚಣಿಯ ವಿಷಯವಾಗಿ ಪತ್ರ ಬರೆಯುವ ಪದ್ಧತಿಯಿತ್ತು. ಯಾವ ಯಾವ ದಾಖಲೆಗಳನ್ನು ತರಬೇಕು, ಎಲ್ಲಿ ಸಹಿ ಮಾಡಬೇಕು ಎಂಬ ವಿವರಗಳುಳ್ಳ ನಮೂನೆಯೊಂದನ್ನು ಅಧೀಕ್ಷಕರು ಬಹು ಶ್ರದ್ಧೆಯಿಂದ ಸಿದ್ಧಪಡಿಸಿ, ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಫೋಲ್ಡರಿನಲ್ಲಿ ಇರಿಸಿದ್ದರು. ದುಃಖದಲ್ಲಿರುವವರು ಓದುವ ಪತ್ರವೆಂದು ಅದರ ಮಾತುಗಳನ್ನು ಎರಡೆರಡು ಸಲ ತೂಗಿ, ಕಠಿನವಾದ ಪದಗಳನ್ನು ತೆಗೆದುಹಾಕಿದ್ದರು. ಒಮ್ಮೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಇಬ್ಬರು ಸಣ್ಣ ಮಕ್ಕಳ ಪ್ರಕರಣವು ಆ ಕಛೇರಿಗೆ ಬಂದಿತು. ಮಕ್ಕಳು ಸೋದರಮಾವನ ಆಶ್ರಯದಲ್ಲಿದ್ದರು. ಹೊಸದಾಗಿ ಸೇರಿದ್ದ ದ್ವಿತೀಯ ದರ್ಜೆ ಸಹಾಯಕನೊಬ್ಬನು ನಮೂನೆಯನ್ನು ತೆರೆದು, ಮಕ್ಕಳು ಅಪ್ರಾಪ್ತವಯಸ್ಕರಾದುದರಿಂದ ಪಾಲಕರ ನೇಮಕದ ಬಗ್ಗೆ ನ್ಯಾಯಾಲಯದ ಪ್ರಮಾಣಪತ್ರವನ್ನು ಹಾಜರುಪಡಿಸತಕ್ಕದ್ದು ಎಂಬ ವಾಕ್ಯವನ್ನು ಸೇರಿಸಿದನು. ಆ ಪ್ರಕರಣಕ್ಕೆ ಅದು ಯುಕ್ತವಾದ ವಾಕ್ಯವೇ ಆಗಿತ್ತು. ಪತ್ರವನ್ನು ಬೇರೆ ಹೆಸರಿನಲ್ಲಿ ಉಳಿಸಬೇಕೆಂದು ಅವನು ಯೋಚಿಸಿಯೂ ಇದ್ದನು. ಅಷ್ಟರಲ್ಲಿ ದೂರವಾಣಿಯ ಗಂಟೆ ಬಾರಿಸಿತು. ಅದನ್ನು ಎತ್ತಿಕೊಳ್ಳುವ ಮೊದಲು ಎಡಗೈಯ ಬೆರಳುಗಳು ತಮ್ಮ ನಿತ್ಯದ ಅಭ್ಯಾಸವನ್ನು ನೆರವೇರಿಸಿದುವು. ಮಕ್ಕಳ ಹೆಸರನ್ನು ಅವನು ಆಮೇಲೆ ನಮೂನೆಯಿಂದ ಅಳಿಸಿದನು. ವಾಕ್ಯವು ಮಾತ್ರ ಉಳಿದುಹೋಯಿತು.

ಮುಂದೆ ಹೋದ ಹನ್ನೊಂದು ಪತ್ರಗಳಲ್ಲಿ ಆ ವಾಕ್ಯವು ಹೋಯಿತು. ಸಹಾಯಕನು ಹೆಸರುಗಳನ್ನು ತುಂಬಿದನು. ಅಧೀಕ್ಷಕರು ಹೆಸರನ್ನೂ ಮೊಬಲಗನ್ನೂ ತಾಳೆ ನೋಡಿ ಕಿರುಸಹಿ ಹಾಕಿದರು. ಅಧಿಕಾರಿಗಳು ಕಿರುಸಹಿಯನ್ನು ನೋಡಿ ಪೂರ್ಣ ಸಹಿ ಹಾಕಿದರು. ತಾನೇ ಬರೆದ ಒಕ್ಕಣೆಯನ್ನು ಮತ್ತೆ ಓದುವವರು ಲೋಕದಲ್ಲಿ ವಿರಳ. ನಮೂನೆಯಿಂದ ಬಂದದ್ದೆಂಬ ನಂಬಿಕೆಯೇ ಓದದೆ ಬಿಡುವುದಕ್ಕೆ ರಹದಾರಿಯಾಗುತ್ತದೆ.

ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬಳು ಕೈಚೀಲದಲ್ಲಿ ಆ ಪತ್ರವನ್ನಿಟ್ಟುಕೊಂಡು ಅಧೀಕ್ಷಕರ ಮೇಜಿನ ಮುಂದೆ ಬಂದು ನಿಂತಳು. ಗಂಡನು ತೀರಿಕೊಂಡು ಮೂರು ತಿಂಗಳಾಗಿದ್ದಿತು. ಎರಡು ಸಲ ತಾಲ್ಲೂಕಿನ ನ್ಯಾಯಾಲಯಕ್ಕೆ ಅಲೆದು, ವಕೀಲರ ಮನೆಯ ಜಗಲಿಯಲ್ಲಿ ಕಾದು, ಬಸ್ಸಿಗೂ ಟೈಪಿನವನಿಗೂ ಹಣ ತೆತ್ತು ಬಂದಿದ್ದಳು.

"ಸ್ವಾಮೀ, ನನ್ನ ಮಗನಿಗೇ ಮೂವತ್ತೆರಡು ತುಂಬಿತು. ಅವನಿಗೆ ಪಾಲಕರು ಬೇಕೂಂತ ಕೇಳಿದರೆ ಕೋರ್ಟಿನಲ್ಲಿ ನಗುತ್ತಾರೆ. ಮೊಮ್ಮಗನ ಹೆಸರಿನಲ್ಲಿ ಬರೆಸಿಕೊಂಡು ಬಂದರೆ ಆದೀತೆ?" ಎಂದು ಕೇಳಿದಳು.

ಅಧೀಕ್ಷಕರು ಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕೆಳಗೆ ಅವರದೇ ಕಿರುಸಹಿಯಿದ್ದಿತು. "ಕೂತುಕೊಳ್ಳಿ ಅಮ್ಮಾ" ಎಂದು ಕುರ್ಚಿಯನ್ನು ಎಳೆದುಕೊಟ್ಟು, "ಈ ಕಾಗದ ನಿಮಗೆ ಬೇಕಾಗಿಯೇ ಇಲ್ಲ. ತಪ್ಪು ನಮ್ಮದು" ಎಂದರು. ಆಕೆಗೆ ಈ ಮಾತಿನಿಂದ ಸಂತೋಷವಾದುದಕ್ಕಿಂತ ಹೆಚ್ಚಾಗಿ ಅನುಮಾನವೇ ಆಯಿತು. ಅಚ್ಚಿನ ಅಕ್ಷರದಲ್ಲಿ, ಮೊಹರಿನೊಡನೆ ಬಂದ ಮಾತು ಸುಳ್ಳಾಗಿರಬಹುದೆಂದು ನಂಬುವುದು ಅಂಥವರಿಗೆ ಸುಲಭವಲ್ಲ. ಹಾಗೆ ಹೇಳಿ ತನ್ನನ್ನು ಸಾಗಹಾಕುತ್ತಿದ್ದಾರೆಯೋ ಏನೋ ಎಂಬ ಸಂದೇಹದಿಂದ ಆಕೆ, ಹೊಸ ಪತ್ರವು ಕೈಗೆ ಬರುವವರೆಗೆ ಹಳೆಯದನ್ನು ಹಿಂದಕ್ಕೆ ಕೊಡಲಿಲ್ಲ. ಉಳಿದ ಹತ್ತು ಮನೆಗಳಿಗೆ ಅಂದು ಸಂಜೆಯೇ ಬೇರೆ ಪತ್ರಗಳು ಹೋದುವು.

ಮರುದಿನ ಗೋಡೆಯ ಮೇಲೆ ದಪ್ಪ ಅಕ್ಷರದ ಸೂಚನೆಯೊಂದು ಕಾಣಿಸಿಕೊಂಡಿತು: ನಮೂನೆಗಳನ್ನು ಯಾರೂ ತಿದ್ದಕೂಡದು. ಅದನ್ನು ಎಲ್ಲರೂ ಓದಿದರು, ಎಲ್ಲರೂ ಒಪ್ಪಿದರು. ಹತ್ತು ದಿನಗಳಲ್ಲಿ ಮತ್ತೊಂದು ನಮೂನೆಯ ತಲೆಬರಹವು ಅಳಿಸಿಹೋಗಿತ್ತು. ನಿಷೇಧವು ತಿದ್ದಬೇಕೆಂದು ಹೊರಟವನನ್ನು ತಡೆಯಬಲ್ಲುದು. ತಾನು ತಿದ್ದುತ್ತಿದ್ದೇನೆಂಬುದನ್ನೇ ಅರಿಯದವನಿಗೆ ಅದು ಅನ್ವಯಿಸುವುದು ಹೇಗೆ? ಅಂಥವನು ಸೂಚನೆಯನ್ನು ಓದುತ್ತಲೇ, ಇದು ಬೇರೆಯವರಿಗೆ ಹೇಳಿದ ಮಾತೆಂದು ತಲೆದೂಗುತ್ತಾನೆ.

ಕನ್ನಡನಾಡಿನ ಹಳೆಯ ಶಾಸನಗಳನ್ನು ನೋಡಿದವರಿಗೆ ಈ ಎರಡು ಬಗೆಯ ಅಪಾಯಗಳ ಭೇದವು ಪೂರ್ವಿಕರಿಗೆ ತಿಳಿದಿತ್ತೆಂದು ತೋರದಿರದು. ದಾನಶಾಸನಗಳ ಕೊನೆಯಲ್ಲಿ ಶಾಪದ ಮಾತುಗಳಿರುತ್ತವೆ. ಈ ದತ್ತಿಗೆ ತಪ್ಪಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನೆಂದೂ, ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗುವನೆಂದೂ ಅವು ಹೆದರಿಸುತ್ತವೆ. ಇದು ಬೇಕೆಂದೇ ಕೆಡಿಸುವವನಿಗೆ ಹಾಕಿದ ಬೇಲಿ. ಆದರೆ ತಾಮ್ರಪಟಗಳನ್ನು ಮಾಡಿದ ಕುಶಲಿಗಳು ಶಾಪವನ್ನೊಂದನ್ನೇ ನಂಬಿ ಕೂಡಲಿಲ್ಲ. ಅನೇಕ ಪಟಗಳ ಅಂಚನ್ನು ತುಸು ಎತ್ತರಿಸಿ, ಒಂದರ ಮೇಲೊಂದು ಉಜ್ಜಿದರೂ ಅಕ್ಷರಗಳು ಸವೆಯದಂತೆ ಮಾಡಿದರು. ಮೊದಲನೆಯ ಪಟದ ಹೊರಮೈಯನ್ನೂ ಕೊನೆಯದರ ಹೊರಮೈಯನ್ನೂ ಸಾಮಾನ್ಯವಾಗಿ ಬರಹವಿಲ್ಲದೆ ಬಿಟ್ಟರು. ಎಲ್ಲವನ್ನೂ ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ಮುದ್ರೆಯಲ್ಲಿ ಬೆಸೆದು, ಬಾದಾಮಿಯ ಚಾಲುಕ್ಯರಾದರೆ ವರಾಹವನ್ನು, ತಲಕಾಡಿನ ಗಂಗರಾದರೆ ಆನೆಯನ್ನು ಅದರ ಮೇಲೆ ಮೂಡಿಸಿದರು. ಶಾಪವು ಕಳ್ಳನಿಗೆ, ಎತ್ತರಿಸಿದ ಅಂಚು ಆಕಸ್ಮಿಕಕ್ಕೆ. ಕಛೇರಿಯ ಗೋಡೆಯ ಮೇಲಿನ ಸೂಚನೆಯು ಶಾಪದ ಜಾತಿಗೆ ಸೇರಿದುದು, ಬೇಕಾಗಿದ್ದುದು ಅಂಚು.

ಅಧೀಕ್ಷಕರು ಎರಡನೆಯ ಸಲ ಇನ್ನೂ ಬಿಗಿಯಾದ ಉಪಾಯವನ್ನು ಹೂಡಿದರು. ನಮೂನೆಗಳಿಗೆಲ್ಲ ಗುಪ್ತಪದವನ್ನು ಹಾಕಿ, ಅದನ್ನು ತಾವೊಬ್ಬರೇ ತಿಳಿದುಕೊಂಡರು. ಒಂದು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಬಳಿಕ ಮಗಳ ಬಾಣಂತಿತನಕ್ಕೆಂದು ಅವರು ಹದಿನೈದು ದಿನ ರಜೆಯ ಮೇಲೆ ಹೋದರು. ಅದೇ ವಾರ ಕಛೇರಿಯ ಅಧಿಕಾರಿಗಳಿಗೆ ವರ್ಗವಾಗಿ ಹೊಸಬರು ಬಂದರು. ನಮೂನೆಯ ಕೆಳಗೆ ಹಳಬರ ಹೆಸರೇ ಇದ್ದಿತು; ತಿದ್ದುವ ಅಧಿಕಾರವುಳ್ಳವರು ಊರಿನಲ್ಲಿರಲಿಲ್ಲ. ಕೆಲಸ ನಿಲ್ಲುವಂತಿರಲಿಲ್ಲವಾಗಿ ಪ್ರತಿಯೊಬ್ಬ ಸಹಾಯಕನೂ ಹಳೆಯ ಪತ್ರವೊಂದನ್ನು ಹುಡುಕಿ ತೆಗೆದು, ಅದನ್ನೇ ತನ್ನ ಯಂತ್ರದಲ್ಲಿ ಸ್ವಂತದ ನಮೂನೆಯಾಗಿ ಮಾಡಿಕೊಂಡನು. ಅಧೀಕ್ಷಕರು ಮೊಮ್ಮಗನನ್ನು ನೋಡಿಕೊಂಡು ಹಿಂದಿರುಗುವಷ್ಟರಲ್ಲಿ ಒಂದು ನಮೂನೆಯಿದ್ದ ಕಡೆ ಐದು ನಮೂನೆಗಳಾಗಿದ್ದುವು. ಅವುಗಳಲ್ಲಿ ಒಂದರಲ್ಲಿ ಪಾಲಕರ ಪ್ರಮಾಣಪತ್ರದ ಆ ವಾಕ್ಯವು ಮತ್ತೆ ತಲೆಯೆತ್ತಿ ಕುಳಿತಿದ್ದಿತು. ಒಬ್ಬನ ಕೈಯಲ್ಲಿ ಮಾತ್ರ ಬೀಗದ ಕೈ ಇರುವ ಉಗ್ರಾಣವು ಭದ್ರವಾಗಿರುವುದೇನೋ ನಿಜ. ಆದರೆ ಮನೆಯವರು ಹಸಿದಾಗ ಅಂಗಡಿಗೆ ಹೋಗುತ್ತಾರೆ.

ಕೊನೆಗೆ ಪರಿಹಾರವನ್ನು ತಂದವನು ಮೊದಲು ಅನರ್ಥಕ್ಕೆ ಕಾರಣನಾಗಿದ್ದ ಆ ತರುಣ ಸಹಾಯಕನೇ. ವೃದ್ಧೆಯು ಕುರ್ಚಿಯಲ್ಲಿ ಕುಳಿತಿದ್ದ ಹೊತ್ತಿನಲ್ಲಿ ಅವನು ಪಕ್ಕದ ಮೇಜಿನಲ್ಲಿಯೇ ಇದ್ದನು. ಆಕೆಯ ಮಾತನ್ನು ಪೂರ್ತಿಯಾಗಿ ಕೇಳಿದ್ದನು. ಅಂದಿನಿಂದ ಬಿಡುವಾದಾಗಲೆಲ್ಲ ಯಂತ್ರದ ನಡವಳಿಕೆಯನ್ನು ಪರೀಕ್ಷಿಸುತ್ತಿದ್ದನು.

ಅವನಿಗೆ ಕಂಡುಬಂದ ಮೊದಲನೆಯ ಸಂಗತಿಯೇ ಆಶ್ಚರ್ಯಕರವಾದುದು. ಆ ಕಛೇರಿಯಲ್ಲಿ ನಮೂನೆಯೆಂದು ಕರೆಯುತ್ತಿದ್ದುದು ವಾಸ್ತವವಾಗಿ ನಮೂನೆಯೇ ಆಗಿರಲಿಲ್ಲ. ಅದು ನಮೂನೆಯೆಂಬ ಹೆಸರಿಟ್ಟುಕೊಂಡ ಸಾಮಾನ್ಯ ಪತ್ರವಾಗಿದ್ದಿತು. ಮೈಕ್ರೋಸಾಫ್ಟ್ ವರ್ಡ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಪತ್ರಕ್ಕೊಂದು ಜಾತಿ, ನಮೂನೆಗೊಂದು ಜಾತಿ ಬೇರೆಬೇರೆಯಾಗಿಯೇ ಉಂಟು. ಕಡತದ ಹೆಸರಿನ ಕೊನೆಯ ಬಾಲದಿಂದ ಈ ಜಾತಿಯನ್ನು ಗುರುತಿಸಬಹುದು. 2007ನೆಯ ಇಸವಿಯ ಆವೃತ್ತಿಯಿಂದೀಚೆಗೆ ಸಾಮಾನ್ಯ ಪತ್ರದ ಬಾಲವು ಡಿ-ಓ-ಸಿ-ಎಕ್ಸ್ ಎಂಬ ನಾಲ್ಕಕ್ಷರ, ನಮೂನೆಯದು ಡಿ-ಓ-ಟಿ-ಎಕ್ಸ್. ಒಂದೇ ಅಕ್ಷರದ ವ್ಯತ್ಯಾಸವಾದರೂ ಫಲದಲ್ಲಿ ಬಹಳ ಅಂತರವುಂಟು. ಪತ್ರದ ಮೇಲೆ ಎರಡು ಸಲ ಒತ್ತಿದರೆ ಆ ಪತ್ರವೇ ತೆರೆಯುತ್ತದೆ. ನಮೂನೆಯ ಮೇಲೆ ಹಾಗೆಯೇ ಒತ್ತಿದರೆ ನಮೂನೆಯು ತಾನು ತೆರೆದುಕೊಳ್ಳದೆ, ತನ್ನಂತೆಯೇ ಇರುವ ಹೆಸರಿಲ್ಲದ ಹೊಸ ಪತ್ರವೊಂದನ್ನು ಮುಂದಿಡುತ್ತದೆ; ಅದನ್ನು ಉಳಿಸಹೊರಟಾಗ ಹೆಸರೇನೆಂದು ಯಂತ್ರವೇ ಕೇಳುತ್ತದೆ. ಸೀಸಕ್ಕೂ ಕಾಗದಕ್ಕೂ ಇದ್ದ ಹಳೆಯ ಭೇದವು ಇಲ್ಲಿ ಮತ್ತೆ ದೊರೆತಂತಾಯಿತು. ಪತ್ರವನ್ನು ಬೇರೆ ಜಾತಿಯಲ್ಲಿ ಉಳಿಸು ಎಂಬ ಒಂದು ಆಜ್ಞೆಯಿಂದ ಈ ಮಾರ್ಪಾಟು ಆಗುತ್ತದೆ. ಹೆಸರನ್ನು ಮಾತ್ರ ತಿದ್ದಿ ಬಾಲವನ್ನು ಬದಲಾಯಿಸಿದರೆ ಆಗುವುದಿಲ್ಲ.

ಆದರೆ ಇದರಲ್ಲಿಯೂ ಒಂದು ಹಿಂಬಾಗಿಲುಂಟು. ತಂತ್ರಾಂಶದೊಳಗೆ ಹೋಗಿ, ತೆರೆ ಎಂಬ ಆಜ್ಞೆಯಿಂದ ನಮೂನೆಯನ್ನು ಆರಿಸಿದರೆ ಹೊಸ ಪತ್ರ ಹುಟ್ಟುವುದಿಲ್ಲ, ನಮೂನೆಯೇ ತೆರೆಯುತ್ತದೆ. ನಮೂನೆಯನ್ನು ಬೇಕೆಂದು ತಿದ್ದುವವರಿಗೆ ಇದು ಅವಶ್ಯವಾದ ದಾರಿ. ಅವಸರದಲ್ಲಿರುವವನಿಗೆ ಇದೇ ಗುಂಡಿ. ಅಕ್ಷರಗಳ ಗಾತ್ರ, ಸಾಲುಗಳ ಅಂತರ ಮುಂತಾದ ಶೈಲಿಗಳನ್ನು ಬದಲಾಯಿಸುವ ಕಡೆಯಲ್ಲಿಯೂ ಒಂದು ಪ್ರಶ್ನೆ ಇರುತ್ತದೆ: ಬದಲಾವಣೆಯು ಈ ಪತ್ರಕ್ಕೆ ಮಾತ್ರವೆ, ಇಲ್ಲವೆ ಈ ನಮೂನೆಯಿಂದ ಮುಂದೆ ಹುಟ್ಟುವ ಪತ್ರಗಳಿಗೂ ಆಗತಕ್ಕದ್ದೆ? ಎರಡನೆಯದನ್ನು ಆರಿಸಿದವನು ತನ್ನ ಪತ್ರವನ್ನು ಬರೆಯುತ್ತ ಕುಳಿತಲ್ಲಿಂದಲೇ ಮೂಲದ ಅಚ್ಚನ್ನು ಮುಟ್ಟಿದಂತಾಗುತ್ತದೆ.

ಆದುದರಿಂದ ಜಾತಿಯ ಭೇದದ ಮೇಲೆ ಇನ್ನೊಂದು ಕಾವಲು ಬೇಕು. ಕಡತಕ್ಕೆ ಓದಲು ಮಾತ್ರ ಎಂಬ ಗುರುತನ್ನು ಹಾಕುವ ಪದ್ಧತಿಯುಂಟು. ಇದು ಬಾಗಿಲಿಗೆ ಚಿಲಕ ಹಾಕಿದಂತೆ. ಗಾಳಿಗೆ ಬಾಗಿಲು ತೆರೆಯದು, ಮನುಷ್ಯನು ತೆರೆಯಬಲ್ಲನು, ಏಕೆಂದರೆ ಆ ಗುರುತನ್ನು ಅಲ್ಲಿಯೇ ಅಳಿಸಲು ಸಾಮಾನ್ಯವಾಗಿ ಯಾರಿಗೂ ಅಡ್ಡಿಯಿಲ್ಲ. ಪತ್ರವು ಅಂತಿಮವಾಯಿತೆಂದು ಗುರುತಿಸುವ ಇನ್ನೊಂದು ಸೌಕರ್ಯವೂ ಇಂಥ ವಿನಂತಿಯೇ ಹೊರತು ಬೀಗವಲ್ಲ. ಆದರೂ ತಿದ್ದುತ್ತೇನೆ ಎಂದು ಒಂದು ಗುಂಡಿಯನ್ನು ಒತ್ತಿದರೆ ಅದು ದಾರಿಬಿಡುತ್ತದೆ. ಎಲ್ಲಕ್ಕಿಂತ ದೃಢವಾದುದು ಸರ್ವರಿನಲ್ಲಿ ಫೋಲ್ಡರಿಗೇ ಅಧಿಕಾರವನ್ನು ಗೊತ್ತುಮಾಡುವುದು: ಓದಿ ಉಪಯೋಗಿಸಲು ಎಲ್ಲರಿಗೂ ಅಧಿಕಾರ, ಬರೆಯಲು ಇಬ್ಬರಿಗೆ ಮಾತ್ರ. ಹೀಗೆ ಮಾಡಿದಮೇಲೆ ಹಿಂಬಾಗಿಲಿನಿಂದ ತೆರೆದವನೂ ಉಳಿಸಹೋದಾಗ ಯಂತ್ರವು ಒಪ್ಪುವುದಿಲ್ಲ. ಬೇರೆ ಹೆಸರಿನಲ್ಲಿ ಬೇರೆ ಕಡೆ ಉಳಿಸೆಂದು ಹೇಳುತ್ತದೆ. ಅವನಿಗೆ ಬೇಕಾಗಿದ್ದುದೂ ಅದೇ.

ಅಧೀಕ್ಷಕರು ಇದನ್ನೆಲ್ಲ ಗಮನವಿಟ್ಟು ಕೇಳಿ, "ಇಬ್ಬರು ಯಾತಕ್ಕೆ? ಒಬ್ಬರಾದರೆ ಸಾಲದೆ?" ಎಂದರು.

"ಸಾರ್, ಒಬ್ಬರು ರಜೆಯ ಮೇಲೆ ಹೋಗುತ್ತಾರಲ್ಲ" ಎಂದು ಅವನು ಮೆಲ್ಲನೆ ಹೇಳಿದನು. ಅಧೀಕ್ಷಕರು ನಕ್ಕರು.

ನಮೂನೆಯೊಳಗೂ ಒಂದು ಏರ್ಪಾಡಾಯಿತು. ಹೆಸರು, ತಾರೀಖು, ಮೊಬಲಗು ಇವುಗಳನ್ನು ತುಂಬುವ ಚೌಕಗಳನ್ನು ಮಾತ್ರ ತೆರೆದಿಟ್ಟು ಉಳಿದ ಒಕ್ಕಣೆಯನ್ನು ಮುಚ್ಚಿದರು. ತಂತ್ರಾಂಶದಲ್ಲಿ ಇದಕ್ಕೆ ಅವಕಾಶವುಂಟು. ವಿಶೇಷ ಪ್ರಕರಣಗಳಿಗೆ ಬೇಕಾದ ವಾಕ್ಯಗಳನ್ನು ಬೇರೊಂದು ಪುಟದಲ್ಲಿ ಪಟ್ಟಿಮಾಡಿದರು. ಪಾಲಕರ ಪ್ರಮಾಣಪತ್ರದ ವಾಕ್ಯವು ಅಲ್ಲಿಗೆ ಹೋಗಿ ತನ್ನ ನಿಜವಾದ ಸ್ಥಾನವನ್ನು ಸೇರಿತು. ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರಗಳಿಂದ ನಮೂನೆಯ ಸಂಖ್ಯೆಯನ್ನೂ ಅದನ್ನು ಕಡೆಯ ಸಲ ತಿದ್ದಿದ ತಾರೀಖನ್ನೂ ಅಚ್ಚುಹಾಕಿಸಿದರು. ಶುದ್ಧವಾದ ಪ್ರತಿಯೊಂದನ್ನು ಬೇರೆ ಕಡೆ ಇರಿಸಿ, ತಿಂಗಳಿಗೊಮ್ಮೆ ಚಾಲ್ತಿಯಲ್ಲಿರುವ ನಮೂನೆಯನ್ನು ಅದರೊಡನೆ ತಾಳೆ ನೋಡುವುದೆಂದು ಗೊತ್ತಾಯಿತು. ಎರಡು ಕಡತಗಳನ್ನು ಹೋಲಿಸಿ ಭೇದವಿರುವ ಕಡೆ ಗೆರೆಯೆಳೆದು ತೋರಿಸುವ ಕೆಲಸವನ್ನು ಯಂತ್ರವೇ ಮಾಡುತ್ತದೆಯಾದುದರಿಂದ ಇದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಹೀಗೆ ತಾಳೆ ನೋಡುವ ಉಪಾಯವೇನೂ ಹೊಸದಲ್ಲ. ವೇದಾಧ್ಯಾಯಿಗಳು ಸಂಹಿತೆಯನ್ನು ಪದಪಾಠವಾಗಿಯೂ, ಕ್ರಮಪಾಠವಾಗಿಯೂ, ಜಟೆಯಾಗಿಯೂ, ಘನವಾಗಿಯೂ ಹೇಳಿಕೊಂಡು ಬಂದಿರುವುದನ್ನು ವಾಚಕರು ಬಲ್ಲರು. ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೆಣೆದು ಹೇಳುವಾಗ ಒಂದು ಪಾಠದಲ್ಲಿ ಜಾರಿದ ಸ್ವರವು ಇನ್ನೊಂದು ಪಾಠದಲ್ಲಿ ಸಿಕ್ಕಿಬೀಳುತ್ತದೆ. ಒಂದೇ ಪ್ರತಿಯನ್ನು ಎಷ್ಟು ಭದ್ರವಾಗಿಟ್ಟರೂ ಅದು ಕೆಟ್ಟಿದೆಯೆಂದು ಹೇಳಲು ಎರಡನೆಯ ಸಾಕ್ಷಿ ಬೇಕು.

ಇದರ ಅತ್ಯುತ್ತಮ ನಿದರ್ಶನವು ಫ್ರಾನ್ಸಿನಲ್ಲಿ ದೊರೆಯುತ್ತದೆ. 1889ರಿಂದ 2019ರವರೆಗೆ ಲೋಕದ ತೂಕಗಳಿಗೆಲ್ಲ ಆಧಾರವಾದ ಕಿಲೋಗ್ರಾಂ ಎಂಬುದು ಪ್ಯಾರಿಸಿನ ಹತ್ತಿರದ ಸೆವ್ರ್ ಎಂಬಲ್ಲಿ ಇರಿಸಿದ್ದ ಪ್ಲಾಟಿನಂ ಮತ್ತು ಇರಿಡಿಯಂ ಲೋಹಗಳ ಒಂದು ಉರುಳೆಯಾಗಿತ್ತು. ಅದನ್ನಿಟ್ಟಿದ್ದ ನೆಲಮಾಳಿಗೆಗೆ ಮೂರು ಬೀಗದ ಕೈಗಳು. ಮೂರೂ ಮೂವರು ಬೇರೆಬೇರೆ ವ್ಯಕ್ತಿಗಳ ವಶದಲ್ಲಿ. ನಿತ್ಯದ ಕೆಲಸಕ್ಕೆ ಯಾರೂ ಮೂಲವನ್ನು ಮುಟ್ಟುತ್ತಿರಲಿಲ್ಲ. ಪ್ರತಿಗಳಿಂದಲೇ ಕೆಲಸ ನಡೆಯುತ್ತಿತ್ತು. ಇಷ್ಟೆಲ್ಲ ಎಚ್ಚರಿಕೆಯಿದ್ದೂ, ಸುಮಾರು ನೂರು ವರ್ಷಗಳ ಬಳಿಕ ಪ್ರತಿಗಳೊಡನೆ ತೂಗಿ ನೋಡಿದಾಗ ಮೂಲಕ್ಕೂ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಮುಗಳಷ್ಟು ಅಂತರ ಬಿದ್ದಿರುವುದು ಕಂಡುಬಂದಿತು. ಮೂಲವು ಇಳಿಯಿತೋ ಪ್ರತಿಗಳು ಏರಿದುವೋ ಹೇಳುವವರಿಲ್ಲ; ಮೂಲವೇ ಕಿಲೋಗ್ರಾಮಾಗಿರುವಾಗ ಅದು ತಪ್ಪೆಂದು ಅಳೆಯಲು ಬೇರೆ ತಕ್ಕಡಿ ಎಲ್ಲಿಯದು? 2019ನೆಯ ಮೇ 20ರಿಂದ ಆ ಉರುಳೆಯ ಅಧಿಕಾರವನ್ನು ತೆಗೆದುಹಾಕಿ, ಪ್ರಕೃತಿಯಲ್ಲಿಯೇ ಸ್ಥಿರವಾಗಿರುವ ಪ್ಲಾಂಕನ ಸ್ಥಿರಾಂಕದಿಂದ ಕಿಲೋಗ್ರಾಮನ್ನು ನಿರ್ಣಯಿಸಿದರು. ಮೂರು ಬೀಗಗಳ ಹಿಂದೆಯೂ ವಸ್ತುವು ಬದಲಾಗಬಲ್ಲುದೆಂಬುದು ಬೀಗಗಳನ್ನೇ ನಂಬುವವರು ನೆನಪಿಡತಕ್ಕ ಮಾತು.

ಇನ್ನು ಬೇಕೆಂದೇ ಕೆಡಿಸುವವರ ಕಥೆಯೂ ಇಲ್ಲದಿಲ್ಲ. ವರ್ಡ್ ತಂತ್ರಾಂಶದಲ್ಲಿ ಬರಿಯ ಹಾಳೆಗೂ ಒಂದು ಮೂಲ ನಮೂನೆಯುಂಟು. ಅದಕ್ಕೆ ನಾರ್ಮಲ್ ಎಂದು ಹೆಸರು. 1995ರಲ್ಲಿ ಕಾಣಿಸಿಕೊಂಡ ಕಾನ್ಸೆಪ್ಟ್ ಎಂಬ ವೈರಸ್ಸು ಈ ನಾರ್ಮಲ್ ನಮೂನೆಯಲ್ಲಿ ನೆಲೆಸಿ, ಅಲ್ಲಿಂದ ಮುಂದಿನ ಪತ್ರಗಳಿಗೆ ಹರಡುತ್ತಿತ್ತು. 1999ರ ಮಾರ್ಚಿಯಲ್ಲಿ ಬಂದ ಮೆಲಿಸ್ಸಾ ಎಂಬುದು ಅದೇ ಬಾಗಿಲಿನಿಂದ ನುಗ್ಗಿ, ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಅಂಚೆಮಾಡಿಕೊಂಡಿತು. ನೂರು ಹೊಳೆಗಳನ್ನು ಕದಡುವುದಕ್ಕಿಂತ ಒಂದು ಊಟೆಯನ್ನು ಕದಡುವುದು ಸುಲಭವೆಂಬುದನ್ನು ದುಷ್ಟರು ಸಜ್ಜನರಿಗಿಂತ ಮೊದಲೇ ಕಂಡುಕೊಂಡರು. ಆದರೆ ಕಛೇರಿಗಳ ನಿತ್ಯಜೀವನದಲ್ಲಿ ಇಂಥ ದುಷ್ಟರಿಗಿಂತ ದೂರವಾಣಿಯ ಗಂಟೆಯಿಂದ ಆಗುವ ಕೇಡೇ ಹೆಚ್ಚು.

ಗೃಹಸ್ಥರಿಗೂ ಈ ವಿಷಯವು ತೀರ ದೂರವಾದುದಲ್ಲ. ಮುದ್ರಣದಂಗಡಿಯಲ್ಲಿ ಹಿಂದಿನವರ ಲಗ್ನಪತ್ರಿಕೆಯ ಮೇಲೆಯೇ ಹೊಸಬರ ಹೆಸರನ್ನು ಕೂರಿಸುವಾಗ ವರನ ಹೆಸರು ಬದಲಾಗಿ, ಮುಹೂರ್ತವು ಹಿಂದಿನವರದೇ ಉಳಿದುಹೋಗುವ ಅಪಾಯವು ಹೆಣ್ಣು ಹೆತ್ತವರಿಗೆಲ್ಲ ಇರುವಂಥದು. ಸಂಘಸಂಸ್ಥೆಗಳಲ್ಲಿ ಈಗ ಗೂಗಲ್ ಡಾಕ್ಸಿನಂಥ ಸಾಮಾನ್ಯ ಕಡತಗಳನ್ನು ಹತ್ತು ಮನೆಗಳಿಂದ ಹತ್ತು ಜನರು ತೆರೆಯುತ್ತಾರೆ. ಅಲ್ಲಿಯೂ ನೋಡುವ ಅಧಿಕಾರವನ್ನೂ ತಿದ್ದುವ ಅಧಿಕಾರವನ್ನೂ ಬೇರೆಬೇರೆಯಾಗಿ ಕೊಡಬಹುದು. ನೋಡುವ ಅಧಿಕಾರವಿದ್ದವನು ತನಗಾಗಿ ಪ್ರತಿಯೊಂದನ್ನು ಮಾಡಿಕೊಂಡು ಅದರಲ್ಲಿ ಸ್ವೇಚ್ಛೆಯಾಗಿ ಬರೆಯಬಹುದು. ಯಾರು ಯಾವಾಗ ಏನನ್ನು ತಿದ್ದಿದರೆಂಬ ಇತಿಹಾಸವೂ ಅಲ್ಲಿ ಉಳಿಯುವುದರಿಂದ ಕೆಟ್ಟುಹೋದುದನ್ನು ಹಿಂದಿನ ಸ್ಥಿತಿಗೆ ತರಬಹುದು.

ಇಷ್ಟಾದಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಬದಲಾಗದ ನಮೂನೆಯೆಲ್ಲ ಸರಿಯಾದ ನಮೂನೆಯೆ? 1973ನೆಯ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದಾಗ, ಹಳೆಯ ಹೆಸರನ್ನು ತಲೆಯ ಮೇಲೆ ಹೊತ್ತಿದ್ದ ನಮೂನೆಗಳೆಲ್ಲ ಒಂದೇ ಬೆಳಗಿನಲ್ಲಿ ಹಳತಾದುವು. ಅವುಗಳಲ್ಲಿ ಯಾರೂ ಏನನ್ನೂ ತಿದ್ದಿರಲಿಲ್ಲ, ತಿದ್ದದಿದ್ದುದೇ ತಪ್ಪಾಯಿತು. ನಿಯಮಗಳು ಬದಲಾಗುತ್ತವೆ, ಅಧಿಕಾರಿಗಳು ಬದಲಾಗುತ್ತಾರೆ, ಕಛೇರಿಯೇ ಬೇರೆ ಬೀದಿಗೆ ಹೋಗುತ್ತದೆ. ಕಾವಲಿನ ಪ್ರಯೋಜನವು ಬದಲಾವಣೆಯನ್ನು ತಡೆಯುವುದಲ್ಲ, ತಿಳಿಯದೆ ಆಗುವ ಬದಲಾವಣೆಯನ್ನು ತಡೆಯುವುದು. ತಿದ್ದತಕ್ಕವರು ಸುಲಭವಾಗಿ ತಿದ್ದುವಂತೆಯೂ, ತಿದ್ದಬಾರದವರು ಎಡವಿಯೂ ತಿದ್ದದಂತೆಯೂ ದಾರಿಗಳನ್ನು ಬೇರ್ಪಡಿಸುವುದರಲ್ಲಿಯೇ ವಿವೇಕವಿದೆ. ಈ ಉದ್ದೇಶದಿಂದ ಆ ಕಛೇರಿಯಲ್ಲಿ ಒಂದು ಪುಸ್ತಕವನ್ನು ಇಟ್ಟರು. ನಮೂನೆಯಲ್ಲಿ ಯಾವ ಮಾತು ಸರಿಯಿಲ್ಲವೆಂದು ಯಾರಿಗೆ ತೋರಿದರೂ ಅದರಲ್ಲಿ ಬರೆಯಬಹುದು. ಇಬ್ಬರಲ್ಲಿ ಒಬ್ಬರು ತಿದ್ದುವರು, ಇನ್ನೊಬ್ಬರು ಓದುವರು. ಇಬ್ಬರೂ ತಾರೀಖಿನೊಡನೆ ರುಜು ಹಾಕುವರು. ಮೊದಲನೆಯ ವರ್ಷದಲ್ಲಿಯೇ ಆ ಪುಸ್ತಕದ ಆರೇಳು ಪುಟಗಳು ತುಂಬಿದುವು. ಅವುಗಳಲ್ಲಿ ಹಲವು ಸಲಹೆಗಳು ಕಛೇರಿಯ ಜವಾನನವು. ಪತ್ರವನ್ನು ಹಿಡಿದು ಬಾಗಿಲಿಗೆ ಬಂದವರು ಅರ್ಥವಾಗದ ಮಾತನ್ನು ಮೊದಲು ಕೇಳುತ್ತಿದ್ದುದು ಅವನನ್ನೇ.

ಈ ಕ್ರಮವು ಬೇಸರದ ಕ್ರಮವೆಂಬುದನ್ನು ಅಲ್ಲಗಳೆಯುವಂತಿಲ್ಲ. ತಿಂಗಳ ಮೊದಲ ಸೋಮವಾರ ಎರಡು ಹಾಳೆಗಳನ್ನು ಮುಂದಿಟ್ಟುಕೊಂಡು, ಒಂದೂ ಅಕ್ಷರ ಬದಲಾಗಿಲ್ಲವೆಂದು ಕಂಡುಕೊಳ್ಳುವುದರಲ್ಲಿ ಉತ್ಸಾಹವೇನು ಬಂದೀತು? ಕಾವಲಿನ ಕೆಲಸವೆಲ್ಲ ಹೀಗೆಯೇ. ಅದು ಸಫಲವಾದಾಗ ಏನೂ ನಡೆಯುವುದಿಲ್ಲ. ಏನೂ ನಡೆಯದಿದ್ದುದಕ್ಕೆ ಯಾರೂ ಹೊಗಳುವುದಿಲ್ಲ. ಕಛೇರಿಯವರಿಗೆ ಅದು ನೂರರಲ್ಲಿ ಒಂದು ಪತ್ರ, ನಮೂನೆಯ ಒಂದು ಪಡಿಯಚ್ಚು. ಆದರೆ ಅದನ್ನು ಬಿಚ್ಚಿ ಓದುವ ಮನೆಯಲ್ಲಿ ಅದು ಒಂದೇ ಪತ್ರ. ಓದಲು ಬಾರದ ಹಿರಿಯಳು ಪಕ್ಕದ ಮನೆಯ ಹುಡುಗನನ್ನು ಕರೆಯಿಸಿ, ಪ್ರತಿಯೊಂದು ಮಾತೂ ತನ್ನನ್ನು ನೆನೆದು ತನಗಾಗಿಯೇ ಬರೆದುದೆಂದು ನಂಬಿ ಕೇಳುತ್ತಾಳೆ. ಅದರಲ್ಲಿ ಹೇಳಿದಂತೆ ಮರುದಿನದ ಮೊದಲ ಬಸ್ಸಿಗೆ ಹೊರಡುತ್ತಾಳೆ.